ಬಾಬೂನಾ ಎಂಬ ಕ್ಯಾಮೊಮೈಲ್: ಹೂವು ಆರಿಸುವುದರಿಂದ ಹಿಡಿದು ಬೀಜ ಎತ್ತಿಡುವವರೆಗೆ, ಕಲಬುರಗಿ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯ ಕಿರಾಣಾ ಬಜಾರಿನಲ್ಲಿ ಗಿಡಮೂಲಿಕೆ ಮಾರುವ ಪನ್ಸಾರಿ ಅಂಗಡಿಯ ಮುಂದೆ ನಿಂತು "ಕ್ಯಾಮೊಮೈಲ್ ಅದೇನ್ರಿ?" ಎಂದರೆ ಬಹುತೇಕ "ಇಲ್ರಿ" ಎಂಬ ಉತ್ತರವೇ ಬರುತ್ತದೆ. ಅದೇ ಅಂಗಡಿಯಲ್ಲಿ "ಬಾಬೂನಾ ಅದೇನ್ರಿ?" ಎಂದು ಕೇಳಿ ನೋಡಿ. ಮೇಲಿನ ಹಲಗೆಯಿಂದ ತಗಡಿನ ಡಬ್ಬಿ ಇಳಿಯುತ್ತದೆ, ಹಳೆಯ ಪೇಪರಿನ ಮೇಲೆ ಒಂದು ಹಿಡಿ ಒಣಹೂವು ಬೀಳುತ್ತದೆ. ಎರಡೂ ಒಂದೇ ಹೂವು. ದೊಡ್ಡ ಅಂಗಡಿಗಳಲ್ಲಿ ಚಂದದ ಪೆಟ್ಟಿಗೆಯೊಳಗೆ ದಾರ ಕಟ್ಟಿದ ಚೀಲಗಳಲ್ಲಿ ಸಿಗುವುದೂ ಅದೇ, ಯುನಾನಿ ಹಕೀಮರು ತಲೆಮಾರುಗಳಿಂದ ಗುಲ್-ಎ-ಬಾಬೂನಾ ಎಂದು ಚೀಟಿಯಲ್ಲಿ ಬರೆದುಕೊಟ್ಟದ್ದೂ ಅದೇ.

ನಾನು ಈ ಚಹಾ ಮಾಡಲು ಶುರು ಮಾಡಿದ್ದು ಅವ್ವನಿಗಾಗಿ. ಸಂಜೆ ಆರರ ಮೇಲೆ ಎರಡು ಸಲ ಖಡಕ್ ಚಹಾ ಕುಡಿಯುವ ರೂಢಿ ಅವಳದು. ರಾತ್ರಿ ಹನ್ನೆರಡಾದರೂ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಯಾರೋ ಹೇಳಿದರೆಂದು ಬಾಬೂನಾ ತಂದೆ. ಮೊದಲ ದಿನ ಎಲ್ಲರಂತೆ ಹೂವನ್ನು ಪಾತ್ರೆಗೆ ಹಾಕಿ ಹತ್ತು ನಿಮಿಷ ಕೊತಕೊತ ಕುದಿಸಿದೆ. ಮನೆತುಂಬ ಘಮ, ಲೋಟದಲ್ಲಿ ಬರೀ ಕಹಿ. ಅವ್ವ ಒಂದು ಗುಟುಕು ಕುಡಿದು ಕೆಳಗಿಟ್ಟಳು. ಘಮವೆಲ್ಲ ಮನೆಗೆ ಹೋದರೆ ಲೋಟಕ್ಕೆ ಉಳಿಯುವುದೇನು? ಈ ಹೂವಿನ ಔಷಧಿಯ ಗಣನೀಯ ಪಾಲು ಇರುವುದೇ ಆ ಘಮದಲ್ಲಿ. ಅದನ್ನು ಲೋಟದೊಳಗೆ ಹಿಡಿದಿಡುವುದು ಹೇಗೆ ಎಂಬುದೇ ಈ ಬರಹದ ಮುಖ್ಯ ಮಾತು. ಉಳಿದದ್ದು ಅದರ ಹಿಂದೆ ಬರುತ್ತದೆ.

ಹೂವಿನ ಪರಿಚಯ

ಚಹಾಕ್ಕೆ ಬಳಸುವುದು ಮುಖ್ಯವಾಗಿ ಜರ್ಮನ್ ಕ್ಯಾಮೊಮೈಲ್. ಸಸ್ಯಶಾಸ್ತ್ರದಲ್ಲಿ ಮ್ಯಾಟ್ರಿಕೇರಿಯಾ ಕ್ಯಾಮೊಮಿಲ್ಲಾ. ರೋಮನ್ ಕ್ಯಾಮೊಮೈಲ್ ಎಂಬ ಇನ್ನೊಂದು ಬೇರೆ ಗಿಡವಿದೆ, ಅದು ನೆಲಕ್ಕೆ ಹಬ್ಬಿ ವರ್ಷಾನುವರ್ಷ ಬದುಕುತ್ತದೆ, ರುಚಿ ಹೆಚ್ಚು ಕಹಿ. ಎರಡೂ ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂವಿನ ಕುಟುಂಬಕ್ಕೇ ಸೇರಿದವು. ಈ ಕುಟುಂಬದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಚ್ಚರಿಕೆಯ ಭಾಗದಲ್ಲಿ ಬೇಕಾಗುತ್ತದೆ.

ಕ್ಯಾಮೊಮೈಲ್ ಎಂಬ ಹೆಸರಿನ ಮೂಲ ಗ್ರೀಕ್, ಅರ್ಥ 'ನೆಲದ ಸೇಬು'. ಒಳ್ಳೆಯ ಒಣಹೂವನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರೆ ಸೇಬಿನ ಸಿಪ್ಪೆಯ ವಾಸನೆಯೇ ಬರುತ್ತದೆ, ಜೊತೆಗೆ ಒಣಹುಲ್ಲು ಮತ್ತು ಜೇನಿನ ನೆರಳು. ಮ್ಯಾಟ್ರಿಕೇರಿಯಾ ಎಂಬುದರಲ್ಲಿರುವುದು ಗರ್ಭಕೋಶ ಎಂಬರ್ಥದ ಲ್ಯಾಟಿನ್ ಪದ. ಹೆಣ್ಣುಮಕ್ಕಳ ಮುಟ್ಟಿನ ನೋವಿಗೆ ಯುರೋಪಿನಲ್ಲಿ ಇದನ್ನು ಎಷ್ಟು ಹಿಂದಿನಿಂದ ಬಳಸುತ್ತಿದ್ದರೆಂದು ಆ ಹೆಸರೇ ಹೇಳುತ್ತದೆ. ಗ್ರೀಕರಿಂದ ಅರಬರಿಗೆ, ಅರಬರಿಂದ ಪರ್ಷಿಯಾಕ್ಕೆ ವೈದ್ಯ ಸಾಗಿದಂತೆ ಹೂವೂ ಸಾಗಿತು. ಇಬ್ನ್ ಸೀನಾ ತಮ್ಮ ವೈದ್ಯಗ್ರಂಥದಲ್ಲಿ ಬಾಬೂನಜ್ ಎಂದು ಇದರ ಗುಣ ವಿವರಿಸಿದ್ದಾರೆ. ಯುನಾನಿಯವರು ಇದರ ಸ್ವಭಾವವನ್ನು ಗರಂ-ಖುಷ್ಕ್, ಅಂದರೆ ಉಷ್ಣ ಮತ್ತು ಒಣ ಎಂದು ಹೇಳುತ್ತಾರೆ.

ನಮ್ಮ ಭಾಗಕ್ಕೆ ಆ ವೈದ್ಯಪದ್ಧತಿ ಹೊರಗಿನದಲ್ಲ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೇಲೆ, ಮುಂದೆ ರಾಜಧಾನಿ ಬೀದರಿಗೆ ಹೋದ ಮೇಲೂ, ಇರಾನಿನ ಕಡೆಯಿಂದ ವಿದ್ವಾಂಸರು, ವ್ಯಾಪಾರಿಗಳು ಬರುತ್ತಲೇ ಇದ್ದರು. ಬೀದರಿನಲ್ಲಿ 1472ರ ಹೊತ್ತಿಗೆ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತದಿಂದ ಬಂದವರು. ಆಮೇಲೆ 1948ರವರೆಗೆ ನಾವಿದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಅಲ್ಲಿ ಯುನಾನಿಗೆ ಸರ್ಕಾರದ ಆಸರೆಯೇ ಇತ್ತು, ಚಾರ್‌ಮಿನಾರ್ ಪಕ್ಕದ ಯುನಾನಿ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ಹಾಗಾಗಿ ಕ್ಯಾಮೊಮೈಲ್ ಎಂದರೆ ಮೊನ್ನೆ ಮೊನ್ನೆ ಬಂದ ಫ್ಯಾಶನ್ ಎಂದು ದೂರವಿಡಬೇಕಾಗಿಲ್ಲ.

ಕೊಳ್ಳುವಾಗ

ಸಡಿಲ ಹೂವು ಕೊಳ್ಳಿ ಎಂಬುದು ನನ್ನ ಸಲಹೆ. ಚೀಲದ ಚಹಾದಲ್ಲಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗ್ರಾಂ ಪುಡಿ ಇರುತ್ತದೆ, ಒಳಗಿರುವುದು ಹೂವೋ ಕಡ್ಡಿಯೋ ಕಣ್ಣಿಗೆ ಕಾಣುವುದಿಲ್ಲ. ಸಡಿಲ ಹೂವಾದರೆ ಕೈಯಲ್ಲಿ ಹಿಡಿದು ನೋಡಬಹುದು.

ನೋಡಬೇಕಾದದ್ದು ಇಷ್ಟು. ಹೂವಿನ ತಲೆ ಬಟಾಣಿ ಕಾಳಿಗಿಂತ ಸ್ವಲ್ಪ ಆಚೀಚೆ, ನಡುವೆ ಹಳದಿ ಗುಮ್ಮಟ, ಸುತ್ತ ಬಿಳಿ ಎಸಳು ಕೆಳಕ್ಕೆ ಬಾಗಿ ಮುದುಡಿರಬೇಕು. ಹಳದಿ ಹಳದಿಯಾಗಿಯೇ ಇರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಸಿಲಿಗೆ ಒಣಗಿಸಿದ್ದು ಅಥವಾ ಹಳೆಯದು. ಕಡ್ಡಿ, ಎಲೆ ಕಡಿಮೆ ಇರಬೇಕು. ಹಳದಿ ಪುಡಿಯೇ ಹೆಚ್ಚಾಗಿ ತಳದಲ್ಲಿ ಕೂತಿದ್ದರೆ ಬಿಡಿ. ಅಂಗೈಯಲ್ಲಿ ತಿಕ್ಕಿದಾಗ ಸೇಬಿನ ವಾಸನೆ ಬರದೆ ಧೂಳು ಅಥವಾ ಗೋಣಿಚೀಲದ ವಾಸನೆ ಬಂದರೆ ಅಂಗಡಿಯವನು ಎಷ್ಟು ಹೇಳಿದರೂ ತೆಗೆದುಕೊಳ್ಳಬೇಡಿ. ನಾನೊಮ್ಮೆ ಒಂದು ಅಂಗಡಿಯಿಂದ ಮೂಸದೆ ಕಾಲು ಕಿಲೋ ತಂದು ಮನೆಯಲ್ಲಿ ಬಿಚ್ಚಿದರೆ ಮೂಲೆಯಲ್ಲಿ ಬಲೆ ಕಟ್ಟಿದ್ದ ಹುಳು. ಅಂದಿನಿಂದ ಐವತ್ತು ಗ್ರಾಂಗಿಂತ ಹೆಚ್ಚು ತರುವುದಿಲ್ಲ.

ಇದರಂತೆಯೇ ಕಾಣುವ ಬೇರೆ ಹೂವುಗಳೂ ಬರುತ್ತವೆ. ಸಂದೇಹ ಬಂದರೆ ಒಂದು ಹೂವನ್ನು ಬಿಸಿನೀರಲ್ಲಿ ಐದು ನಿಮಿಷ ನೆನೆಯಿಡಿ. ಮೆತ್ತಗಾದ ಮೇಲೆ ತಟ್ಟೆಯ ಮೇಲಿಟ್ಟು ಬ್ಲೇಡಿನಿಂದ ತಲೆಯಿಂದ ತೊಟ್ಟಿನವರೆಗೆ ನೇರವಾಗಿ ಎರಡು ಹೋಳು ಮಾಡಿ, ಬೆಳಕಿಗೆ ಹಿಡಿಯಿರಿ. ನಿಜವಾದ ಜರ್ಮನ್ ಕ್ಯಾಮೊಮೈಲ್ ಆದರೆ ಹಳದಿ ಗುಮ್ಮಟದ ಒಳಗೆ ಪೊಳ್ಳು ಇರುತ್ತದೆ, ಪುಟ್ಟ ಗುಡಾರದ ಒಳಗಿನಂತೆ. ರೋಮನ್ ಜಾತಿಯಲ್ಲೂ, ಅದರಂತೆ ಕಾಣುವ ಹತ್ತಿರದ ಕಳೆಗಿಡಗಳಲ್ಲೂ ಆ ಜಾಗ ಬಿಳಿ ತಿರುಳಿನಿಂದ ತುಂಬಿರುತ್ತದೆ. ಮೊದಲ ಸಲ ಆ ಪೊಳ್ಳು ಕಂಡಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಎರಡೇ ನಿಮಿಷದ ಕೆಲಸ, ಹೊಸ ಅಂಗಡಿಯಿಂದ ತಂದಾಗಲೆಲ್ಲ ಮಾಡಿ. ದೊಡ್ಡ ದೊಡ್ಡ ಹಳದಿ ಹೂವಿನ 'ಸೇವಂತಿಗೆ ಚಹಾ' ಎಂದು ಮಾರುವುದು ಬೇರೆಯೇ ಗಿಡ. ಅದು ಚೀನಾದ ಕಡೆಯ ಪಾನೀಯ, ಅದರ ದಾರಿ ಬೇರೆ.

ಪ್ಯಾಕೆಟ್ ಕೊಳ್ಳುವುದಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕ ಮತ್ತು ಪದಾರ್ಥಗಳ ಪಟ್ಟಿ ನೋಡಿ. ಕೆಲವು ಪೆಟ್ಟಿಗೆಗಳ ಮೇಲೆ ಕ್ಯಾಮೊಮೈಲ್ ಎಂದು ದೊಡ್ಡದಾಗಿ ಬರೆದು ಒಳಗೆ ಅರ್ಧಕ್ಕರ್ಧ ಹಸಿರು ಚಹಾ ಹಾಕಿರುತ್ತಾರೆ. ಹಸಿರು ಚಹಾದಲ್ಲಿ ಕೆಫೀನ್ ಇರುತ್ತದೆ. ನಿದ್ದೆಗೆಂದು ಕುಡಿದು ಎಚ್ಚರವಾಗಿ ಕೂರುವುದಕ್ಕೆ ಅದೇ ಕಾರಣ.

ಮನೆಗೆ ತಂದ ಮೇಲೆ ಗಾಳಿಯಾಡದ ಗಾಜಿನ ಅಥವಾ ಸ್ಟೀಲ್ ಡಬ್ಬಿಯಲ್ಲಿಡಿ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲಿಗೆ ಪತ್ರಾ ಮನೆಯ ಮಾಳಿಗೆ ಕೆಳಗಿಟ್ಟ ಹೂವಿನ ಘಮ ಎರಡು ತಿಂಗಳಲ್ಲಿ ಹಾರಿಹೋಗುತ್ತದೆ. ಒಲೆಯ ಪಕ್ಕ ಬೇಡ. ಮನೆಯ ಅತಿ ತಂಪಾದ ಕೋಣೆಯ ಕಪಾಟು ಸಾಕು. ಒಂದು ವರ್ಷದೊಳಗೆ ಮುಗಿಸಿ.

ಚಹಾ ಮಾಡುವ ಬಗೆ

ಆಯುರ್ವೇದದಲ್ಲಿ ಕ್ವಾಥ ಬೇರೆ, ಫಾಂಟ ಬೇರೆ. ಕ್ವಾಥವೆಂದರೆ ಬೇರು-ತೊಗಟೆಗಳನ್ನು ಕುದಿಸಿ ಇಳಿಸುವ ಕಷಾಯ. ಫಾಂಟವೆಂದರೆ ಬಿಸಿನೀರು ಸುರಿದು ಮುಚ್ಚಿಟ್ಟು ಸೋಸುವುದು. ಯುನಾನಿಯಲ್ಲೂ ಇದೇ ಭೇದ: ಜೋಶಾಂದಾ ಕುದಿಸಿದ್ದು, ಖೇಸಾಂದಾ ನೆನೆಸಿದ್ದು. ಬೇರು, ತೊಗಟೆ ಗಟ್ಟಿ, ಕುದಿಸದೆ ಸಾರ ಬಿಡುವುದಿಲ್ಲ. ಹೂವು ಹಾಗಲ್ಲ. ಅದರ ಎಣ್ಣೆಯ ಅಂಶ ಹಬೆಯ ಜೊತೆ ಹಾರುವ ಸ್ವಭಾವದ್ದು. ಆದ್ದರಿಂದ ಬಾಬೂನಾ ಚಹಾ ಎಂದರೆ ಫಾಂಟ. ಒಲೆಯ ಕೆಲಸ ನೀರು ಕಾಯಿಸುವುದರೊಂದಿಗೆ ಮುಗಿಯಿತು.

ಮೊದಲು ನೀರು. ಕಲಬುರಗಿಯ ಹಲವು ಬಡಾವಣೆಗಳ, ಯಾದಗಿರಿ ಕಡೆಯ ಹಳ್ಳಿಗಳ ಬೋರ್‌ವೆಲ್ ನೀರು ಗಡುಸು. ಅದರಲ್ಲಿ ಮಾಡಿದರೆ ಬಣ್ಣ ಮಂಕು, ಮೇಲೆ ತೆಳ್ಳನೆಯ ಪೊರೆ, ರುಚಿಯಲ್ಲಿ ಸುಣ್ಣದ ಛಾಯೆ. ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ. ಒಂದೇ ಬಗೆಯ ಹೂವನ್ನು ಎರಡೂ ನೀರಲ್ಲಿ ಅಕ್ಕಪಕ್ಕ ಮಾಡಿ ನೋಡಿದ್ದೇನೆ. ಫಿಲ್ಟರ್ ನೀರಿನ ಲೋಟ ತಿಳಿ ಹೊನ್ನಿನ ಬಣ್ಣಕ್ಕಿತ್ತು, ಬೋರಿನ ನೀರಿನದು ಕಲಕಿದ ಬೆಲ್ಲದ ನೀರಿನಂತಿತ್ತು.

ಪ್ರಮಾಣ: 150 ಮಿಲಿ ನೀರಿಗೆ, ಅಂದರೆ ಮನೆಯ ಒಂದು ಸಾಧಾರಣ ಚಹಾ ಕಪ್‌ಗೆ, ಸುಮಾರು ಎರಡರಿಂದ ಮೂರು ಗ್ರಾಂ ಒಣಹೂವು. ತಕ್ಕಡಿ ಇಲ್ಲದಿದ್ದರೆ ಒಂದು ದೊಡ್ಡ ಚಮಚ ತುಂಬ. ಯುರೋಪಿನ ಔಷಧ ಸಂಸ್ಥೆ ವಯಸ್ಕರಿಗೆ ಸಾಂಪ್ರದಾಯಿಕ ಬಳಕೆಯ ಪ್ರಮಾಣವೆಂದು ಹೇಳುವುದು 150 ಮಿಲಿಗೆ 1.5ರಿಂದ 4 ಗ್ರಾಂ, ದಿನಕ್ಕೆ ಮೂರು-ನಾಲ್ಕು ಸಲ. ನಮ್ಮ ಬಿಸಿಲಿನ ಊರಿನಲ್ಲಿ ದಿನಕ್ಕೆ ಒಂದೆರಡು ಕಪ್ ಸಾಕೆಂದು ನನ್ನ ಅಭಿಪ್ರಾಯ. ಹೊಸದಾಗಿ ಶುರು ಮಾಡುವವರು ಅರ್ಧ ಪ್ರಮಾಣದಿಂದ ತೊಡಗಲಿ.

ಹೂವನ್ನು ಕಪ್ಪಿನಲ್ಲೋ ಪಿಂಗಾಣಿ ಪಾತ್ರೆಯಲ್ಲೋ ಮೊದಲೇ ಹಾಕಿಡಿ. ನೀರು ಚೆನ್ನಾಗಿ ಕುದಿಯಲಿ, ಗ್ಯಾಸ್ ಆರಿಸಿ, ಗುಳ್ಳೆ ಅಡಗಿದ ಕೂಡಲೆ ಹೂವಿನ ಮೇಲೆ ಸುರಿಯಿರಿ. ಸುರಿದ ತಕ್ಷಣ ಮುಚ್ಚಿ. ಈ ಮುಚ್ಚಳವೇ ಅರ್ಧ ಔಷಧಿ ಎಂದು ನಾನು ಹೇಳುವುದು ಸುಮ್ಮನೆ ಅಲ್ಲ. ಹತ್ತು ನಿಮಿಷ ಬಿಟ್ಟು ಮುಚ್ಚಳ ಎತ್ತಿ ನೋಡಿ: ಒಳಮೈಗೆ ಸಾಲು ಸಾಲಾಗಿ ಹನಿ ಕೂತಿರುತ್ತವೆ. ಒಂದು ಹನಿ ಬೆರಳಿಗೆ ತಗುಲಿಸಿಕೊಂಡು ಮೂಸಿ, ಲೋಟದೊಳಗಿನ ಚಹಾಕ್ಕಿಂತ ಅದರ ವಾಸನೆ ತೀಕ್ಷ್ಣ. ಹೂವು ಬಿಟ್ಟ ಎಣ್ಣೆ ಹಬೆಯೊಂದಿಗೆ ಏರಿ ಅಲ್ಲಿ ತಂಪಾಗಿ ನಿಂತಿರುತ್ತದೆ. ಮುಚ್ಚಳವನ್ನು ಕಪ್ಪಿನ ಮೇಲೆಯೇ ಓರೆಮಾಡಿ ತಟ್ಟಿ, ಆ ಹನಿಗಳನ್ನೆಲ್ಲ ಒಳಗೆ ಬೀಳಿಸಿ. ಆಮೇಲೆ ಸೋಸಿ.

ಎಷ್ಟು ಹೊತ್ತು? ಐದರಿಂದ ಹತ್ತು ನಿಮಿಷ. ರುಚಿಗೆ ಮಾತ್ರವಾದರೆ ಐದು, ಹೊಟ್ಟೆ ಅಥವಾ ನಿದ್ದೆಗಾದರೆ ಹತ್ತು. ಹದಿನೈದು ದಾಟಿದರೆ ಕಹಿ ಏರುತ್ತದೆ. ಸೋಸುವಾಗ ತೆಳುವಾದ ಬಿಳಿ ಬಟ್ಟೆಯೇ ಒಳ್ಳೆಯದು, ಚಹಾ ಜರಡಿಯಲ್ಲಿ ಹಳದಿ ಪುಡಿ ಇಳಿದು ಗಂಟಲಿಗೆ ತುರಿಕೆ ತರುತ್ತದೆ. ಬಟ್ಟೆಯನ್ನು ಹಿಂಡಬೇಡಿ, ಹಿಂಡಿದರೆ ಕಹಿ.

ಹಾಲು ಹಾಕಬೇಡಿ. ನಮ್ಮವರಿಗೆ ಇದು ಕಷ್ಟದ ಮಾತು, ಗೊತ್ತು. ಹಾಲು ಹಾಕಿದರೆ ಹೂವಿನ ನವಿರು ವಾಸನೆ ಮುಚ್ಚಿಹೋಗಿ ಔಷಧಿಯ ಕಹಿ ಮಾತ್ರ ಉಳಿಯುತ್ತದೆ. ಸಿಹಿ ಬೇಕೇಬೇಕೆಂದರೆ ಚಹಾ ಕುಡಿಯುವಷ್ಟು ಆರಿದ ಮೇಲೆ ಅರ್ಧ ಚಮಚ ಜೇನು, ಇಲ್ಲವೇ ಸಣ್ಣ ತುಂಡು ಬೆಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಎರಡೂ ಬೇಡ. ಅವರು ಹೂವು ಹಾಕುವಾಗಲೇ ನಾಲ್ಕು ಕಾಳು ಬಡೇಸೋಪು ಸೇರಿಸಲಿ, ತಾನಾಗಿ ಸಿಹಿಯ ನೆನಪು ಬರುತ್ತದೆ.

ಯಾವುದಕ್ಕೆ, ಹೇಗೆ

*ನಿದ್ದೆಗೆ.* ಮಲಗುವ ಮುಕ್ಕಾಲು ಗಂಟೆ ಮುಂಚೆ ಒಂದು ಕಪ್. ವಯಸ್ಸಾದವರಿಗೆ ರಾತ್ರಿ ಮೂತ್ರಕ್ಕೆ ಏಳುವ ತೊಂದರೆ ಇದ್ದರೆ ಎಂಟು ಗಂಟೆಗೇ ಅರ್ಧ ಕಪ್ ಕೊಡಿ. ಹೂವಿನಲ್ಲಿರುವ ಎಪಿಜೆನಿನ್ ಎಂಬ ವಸ್ತು ಮೆದುಳನ್ನು ಶಾಂತಗೊಳಿಸುವ ಗ್ರಾಹಕಗಳಿಗೆ ಅಂಟುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಆದರೆ ಒಂದು ಕಪ್ ಚಹಾದಲ್ಲಿ ಅದು ಇರುವುದು ಸ್ವಲ್ಪ. 2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಆತಂಕದ ಕಾಯಿಲೆಯ 57 ಜನರ ಮೇಲೆ ಎಂಟು ವಾರ ನಡೆಸಿದ ಪ್ರಯೋಗದಲ್ಲಿ ಸಾಧಾರಣ ಮಟ್ಟದ ಪ್ರಯೋಜನ ಕಂಡಿತು. ಅವರು ಕೊಟ್ಟಿದ್ದು ಸಾರ ತುಂಬಿದ ಕ್ಯಾಪ್ಸೂಲ್, ಚಹಾ ಅಲ್ಲ. ಹಾಗಾಗಿ ಇದನ್ನು ನಿದ್ದೆ ಮಾತ್ರೆಯ ಜಾಗದಲ್ಲಿ ಕೂರಿಸಬೇಡಿ. ನಮ್ಮ ಅವ್ವನಿಗೆ ಹದಿನೈದು ದಿನದಲ್ಲಿ ಫರಕ್ ಕಂಡಿತು ನಿಜ, ಅದರಲ್ಲಿ ಹೂವಿನ ಪಾಲಿಗಿಂತ ಸಂಜೆಯ ಖಡಕ್ ಚಹಾ ಬಿಟ್ಟ ಪಾಲೇ ದೊಡ್ಡದೆಂದು ನಾನು ನಂಬುತ್ತೇನೆ. ಸಂಜೆ ಹೊತ್ತು ಕೈಯಲ್ಲೊಂದು ಬಿಸಿ ಕಪ್ ಇರಬೇಕೆಂಬ ರೂಢಿಯನ್ನು ಮುರಿಯದೆ ಕೆಫೀನ್ ಬಿಡಿಸಿದ್ದು ಈ ಹೂವೇ. ಅಷ್ಟು ಸಾಕಲ್ಲ.

*ಹೊಟ್ಟೆ ಉಬ್ಬರಕ್ಕೆ.* ನನ್ನ ಅನುಭವದಲ್ಲಿ ಇದು ಹೆಚ್ಚು ಕೆಲಸ ಮಾಡುವುದು ಇಲ್ಲಿಯೇ. ಹೂವಿನ ಬಿಸಬೊಲಾಲ್ ಮೊದಲಾದ ಅಂಶಗಳು ಕರುಳಿನ ಸ್ನಾಯುವಿನ ಬಿಗಿತವನ್ನು ಸಡಿಲಿಸುತ್ತವೆ, ಕಟ್ಟಿದ ವಾಯು ಸರಿಯುತ್ತದೆ. ಜ್ವಾಳದ ರೊಟ್ಟಿ, ತೊಗರಿಬ್ಯಾಳಿ, ಶೇಂಗಾ ಹಿಂಡಿ, ಮೇಲೆ ಎರಡು ಮಿರ್ಚಿ ಭಜಿ ಎಂಬ ಊಟವಾದ ಮೇಲೆ ಹೊಟ್ಟೆ ಡೊಳ್ಳಿನಂತಾಗುವುದು ನಮ್ಮ ಕಡೆ ಮನೆಮನೆಯ ಮಾತು. ಊಟವಾಗಿ ಒಂದು ಗಂಟೆ ಬಿಟ್ಟು, ಒಂದು ಚಮಚ ಬಾಬೂನಾ, ಅರ್ಧ ಚಮಚ ಬಡೇಸೋಪು, ಒಂದು ಚಿಟಿಕೆ ಜಜ್ಜಿದ ಅಜವಾನ ಸೇರಿಸಿ ಮುಚ್ಚಿಟ್ಟು ಮಾಡಿದ ಚಹಾ ಬಿಸಿಬಿಸಿಯಾಗಿ ಗುಟುಕರಿಸಿ. ಅಜವಾನ ಚಿಟಿಕೆಗಿಂತ ಹೆಚ್ಚಾದರೆ ಹೂವಿನ ಸುಳಿವೇ ಉಳಿಯುವುದಿಲ್ಲ.

*ಮುಟ್ಟಿನ ನೋವಿಗೆ.* ಮುಟ್ಟಿಗೆ ಎರಡು-ಮೂರು ದಿನ ಮುಂಚಿನಿಂದ ದಿನಕ್ಕೆ ಎರಡು ಕಪ್ ಕುಡಿಯುವ ಸಂಪ್ರದಾಯವಿದೆ, ಶುಂಠಿಯ ಸಣ್ಣ ಚೂರು ಹಾಕಿಕೊಳ್ಳಬಹುದು. ಕಿಬ್ಬೊಟ್ಟೆಗೆ ಬಿಸಿನೀರಿನ ಶಾಖವೂ ಇರಲಿ. ರಕ್ತಸ್ರಾವ ಅತಿಯಾಗಿದ್ದರೆ, ತಿಂಗಳು ತಿಂಗಳು ನೋವು ಏರುತ್ತಿದ್ದರೆ ಚಹಾ ಬಿಟ್ಟು ವೈದ್ಯರ ಹತ್ತಿರ ಹೋಗಿ.

*ಬಾಯಿ ಹುಣ್ಣು, ಗಂಟಲು ಕೆರೆತ.* ಸ್ವಲ್ಪ ಗಟ್ಟಿಯಾಗಿ ಮಾಡಿ, ಉಗುರು ಬೆಚ್ಚಗಾದ ಮೇಲೆ ಬಾಯಲ್ಲಿ ಅರ್ಧ ನಿಮಿಷ ಆಡಿಸಿ ಉಗುಳಿ, ದಿನಕ್ಕೆ ಮೂರು ಸಲ. ಎರಡು ವಾರ ಕಳೆದರೂ ಮಾಯದ ಹುಣ್ಣು, ಅದರಲ್ಲೂ ಗುಟ್ಖಾ-ತಂಬಾಕು ಜಗಿಯುವವರ ಬಾಯಿಯ ಹುಣ್ಣನ್ನು ಮನೆಮದ್ದಿನಲ್ಲಿ ಕಾಯಬೇಡಿ, ತೋರಿಸಿ.

*ನೆಗಡಿಗೆ ಹಬೆ.* ಒಂದು ಬೋಗಾಣಿ ಕುದಿನೀರಿಗೆ ಒಂದು ಹಿಡಿ ಹೂವು, ತಲೆಗೆ ಟಾವೆಲ್, ಐದು ನಿಮಿಷ. ಬೋಗಾಣಿ ನೆಲದ ಮೇಲೆ ಗಟ್ಟಿಯಾಗಿ ಕೂತಿರಲಿ, ಮಂಚದ ಮೇಲೆ ಬೇಡ. ಸಣ್ಣ ಮಕ್ಕಳಿಗೆ ಮಾಡಬೇಡಿ, ಸುಟ್ಟುಕೊಳ್ಳುತ್ತಾರೆ. ಅಸ್ತಮಾ ಇರುವವರಿಗೂ ಬೇಡ.

*ಮೊಣಕಾಲಿಗೆ ಎಣ್ಣೆ.* ಯುನಾನಿಯ ರೋಗನ್-ಎ-ಬಾಬೂನಾ ಎಳ್ಳೆಣ್ಣೆಯಲ್ಲಿ ಹೂವಿನ ಸಾರ ಇಳಿಸಿದ್ದು, ಕೀಲುನೋವಿಗೆ ಹಚ್ಚಿ ತಿಕ್ಕಲು. ಮನೆಯಲ್ಲಿ ಸರಳವಾಗಿ ಮಾಡಬೇಕೆಂದರೆ ಒಂದು ಬಟ್ಟಲು ಚೆನ್ನಾಗಿ ಒಣಗಿದ ಹೂವಿಗೆ ಅದು ಮುಳುಗುವಷ್ಟು ಎಳ್ಳೆಣ್ಣೆ ಹಾಕಿ, ಕುದಿಯುವ ನೀರಿನ ಪಾತ್ರೆಯೊಳಗೆ ಬಟ್ಟಲು ಇಟ್ಟು ಸಣ್ಣ ಉರಿಯಲ್ಲಿ ಎರಡು ತಾಸು ಬಿಸಿ ಮಾಡಿ. ನೇರ ಉರಿಗೆ ಇಟ್ಟರೆ ಹೂವು ಕರಿಯುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿ. ಹೂವಿನಲ್ಲಿ ಹಸಿ ಉಳಿದಿದ್ದರೆ ಎಣ್ಣೆ ಕಮಟುತ್ತದೆ. ಇದು ಹಚ್ಚಲಿಕ್ಕೆ ಮಾತ್ರ.

ಕಣ್ಣಿಗೆ ಹೂವಿನ ನೀರು ಹಾಕುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಹಾಕಬೇಡಿ. ಪರಾಗದಿಂದ ಕಣ್ಣು ಕೆಂಪಾಗಿ ಊದಿಕೊಂಡ ಪ್ರಸಂಗಗಳು ದಾಖಲಾಗಿವೆ.

ಯಾರು ಕುಡಿಯಬಾರದು

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಕಾಂಗ್ರೆಸ್ ಕಸದ ಅಲರ್ಜಿ ಇರುವವರಿಗೆ. ಪಾರ್ಥೇನಿಯಂ ಎಂಬ ಆ ಕಳೆ 1950ರ ದಶಕದ ನಡುವೆ ಪುಣೆಯಲ್ಲಿ ಮೊದಲು ಕಾಣಿಸಿಕೊಂಡು ಇಂದು ನಮ್ಮ ಹೊಲದ ಬದು, ರಸ್ತೆ ಬದಿ, ಖಾಲಿ ಸೈಟು ಎಲ್ಲವನ್ನೂ ಆವರಿಸಿದೆ. ಅದನ್ನು ಕಿತ್ತ ಮೇಲೆ ಕೈ, ಕುತ್ತಿಗೆ, ರೆಪ್ಪೆಗಳ ಮೇಲೆ ದದ್ದು ಏಳುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಕಾಂಗ್ರೆಸ್ ಕಸ ಮತ್ತು ಕ್ಯಾಮೊಮೈಲ್ ಒಂದೇ ಕುಟುಂಬದ ಗಿಡಗಳು. ಒಂದಕ್ಕೆ ಒಗ್ಗದ ಮೈ ಇನ್ನೊಂದಕ್ಕೂ ಒಗ್ಗದೇ ಇರಬಹುದು. ನಮ್ಮ ಓಣಿಯ ಒಬ್ಬರು ಹೊಲದಲ್ಲಿ ಕಸ ತೆಗೆದಾಗಲೆಲ್ಲ ತುರಿಕೆ ಅನುಭವಿಸುವವರು. ನನ್ನ ಮನೆಯಲ್ಲಿ ಎರಡು ಗುಟುಕು ಕುಡಿದೊಡನೆ ತುಟಿ ಜುಮುಜುಮು ಎಂದು ಒಳಗೆ ತುರಿಕೆ ಶುರುವಾಯಿತು. ಅಲ್ಲಿಗೇ ನಿಲ್ಲಿಸಿದರು, ಸಂಜೆಯೊಳಗೆ ಸರಿಹೋಯಿತು. ಕೊಡುವ ಮುಂಚೆ ಆ ಪ್ರಶ್ನೆ ಕೇಳಬೇಕಾಗಿತ್ತು ಎಂಬ ನೋವು ನನಗೆ ಇಂದಿಗೂ ಇದೆ. ಈಗ ಯಾರಿಗೇ ಕೊಟ್ಟರೂ ಮೊದಲು ಕೇಳುವುದು "ಕಾಂಗ್ರೆಸ್ ಕಸ ಮುಟ್ಟಿದ್ರ ಮೈ ಕಡೀತದೇನ್ರಿ?" ಹೌದೆಂದರೆ ಚಹಾ ಇಲ್ಲ. ಸೇವಂತಿಗೆ, ಚೆಂಡುಹೂವು ಕಟ್ಟುವಾಗ ಸೀನು, ತುರಿಕೆ ಬರುವವರಿಗೂ ಇದೇ ಮಾತು.

ಅಂಥ ಇತಿಹಾಸ ಇಲ್ಲದವರು ಮೊದಲ ದಿನ ಆರಿದ ಚಹಾದ ಎರಡು ಹನಿ ಮೊಣಕೈ ಒಳಮಡಿಕೆಗೆ ಹಚ್ಚಿ ಒಂದು ದಿನ ನೋಡಲಿ, ಮರುದಿನ ಎರಡು ಚಮಚ ಕುಡಿಯಲಿ, ಆಮೇಲೆ ಕಪ್. ಉಸಿರು ಕಟ್ಟುವುದು, ನಾಲಿಗೆ-ಮುಖ ಊದುವುದು ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು, ಕಿಡ್ನಿ ಕಸಿಯಾಗಿ ಸೈಕ್ಲೋಸ್ಪೊರಿನ್ ನುಂಗುವವರು, ನಿದ್ದೆ ಅಥವಾ ಆತಂಕದ ಮಾತ್ರೆಯ ಮೇಲಿರುವವರು ತಮ್ಮ ವೈದ್ಯರನ್ನು ಕೇಳದೆ ಕುಡಿಯಬಾರದು. ವಾರ್ಫರಿನ್ ಜೊತೆ ಬಹಳ ಕ್ಯಾಮೊಮೈಲ್ ಬಳಸಿ ಒಳಗೇ ರಕ್ತಸ್ರಾವವಾದ ಪ್ರಸಂಗ ವೈದ್ಯ ಸಾಹಿತ್ಯದಲ್ಲಿದೆ. ಆಪರೇಷನ್ ಗೊತ್ತಾಗಿದ್ದರೆ ಎರಡು ವಾರ ಮುಂಚೆಯೇ ಬಿಡಿ, ಡಾಕ್ಟರಿಗೆ ಹೇಳಿ. ಗರ್ಭಿಣಿಯರು ದಿನನಿತ್ಯ ಕುಡಿಯುವುದು ಬೇಡ. ಕೂಸುಗಳಿಗೆ ಬೇಡವೇ ಬೇಡ, ಒಂದು ವರ್ಷ ತುಂಬುವವರೆಗೆ ಜೇನೂ ಬೇಡ: ಸಡಿಲ ಹೂವಿನಲ್ಲೂ ಜೇನಿನಲ್ಲೂ ಇರಬಹುದಾದ ಬಾಟ್ಯುಲಿನಂ ಎಂಬ ರೋಗಾಣುವಿನ ಕಣಗಳು ಎಳೆ ಕರುಳಿಗೆ ಅಪಾಯ.

ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಮಾತ್ರೆಗೂ ಈ ಚಹಾಕ್ಕೂ ಎರಡು ತಾಸಿನ ಅಂತರ ಇಡಲಿ. ಮಾಮೂಲಿ ಚಹಾದಷ್ಟು ಅಲ್ಲದಿದ್ದರೂ ಇದೂ ಕಬ್ಬಿಣ ಹೀರುವುದನ್ನು ಸ್ವಲ್ಪ ತಡೆಯುತ್ತದೆ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳಬೇಕು. "ಗ್ಯಾಸ್ ಆಗ್ಯದ" ಎಂದುಕೊಂಡು ಎದೆನೋವಿಗೆ ಚಹಾ ಮಾಡುತ್ತಾ ಕೂರಬೇಡಿ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹಬ್ಬುವ ನೋವು, ತಣ್ಣನೆಯ ಬೆವರು ಬಂದರೆ ಮೊದಲು ಆಸ್ಪತ್ರೆ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇದೆ, ಬೀದರ್, ಯಾದಗಿರಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ನಿದ್ದೆಯೂ ಹಾಗೆಯೇ. ಮೂರು ವಾರ ಸರಿಯಾಗಿ ನಿದ್ದೆ ಬಾರದೆ ಮನಸ್ಸು ಕುಗ್ಗಿದ್ದರೆ ಹೂವಿನ ಮೇಲೆ ಭಾರ ಹಾಕಬೇಡಿ, 14416 ಎಂಬ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಬೇಕಿಲ್ಲ.

ಮನೆಯಂಗಳದಲ್ಲಿ ಬೆಳೆಯುವುದು

ಕ್ಯಾಮೊಮೈಲ್ ಚಳಿಗಾಲದ ಗಿಡ. ಉತ್ತರ ಪ್ರದೇಶ, ಪಂಜಾಬಿನ ಕಡೆ ಹಿಂಗಾರಿನಲ್ಲಿ ಬೆಳೆಯುತ್ತಾರೆ. ಲಖನೌದಲ್ಲಿರುವ ಸಿಮ್ಯಾಪ್ ಎಂಬ ಔಷಧಿ ಸಸ್ಯಗಳ ಸಂಶೋಧನಾ ಸಂಸ್ಥೆ ಇದರ ತಳಿ ಅಭಿವೃದ್ಧಿ ಮಾಡಿದೆ. ಕ್ಷಾರ ಗುಣದ ಮಣ್ಣನ್ನು ಇದು ಸಹಿಸುತ್ತದೆ, ನಮ್ಮ ಎರೆಮಣ್ಣಿಗೆ ಅದು ಅನುಕೂಲ. ಸಹಿಸದಿರುವುದು ನಮ್ಮ ಬಿಸಿಲನ್ನು. ಎತ್ತರದ ಮೇಲಿರುವ ಬೀದರಿನ ಚಳಿ ಕಲಬುರಗಿಗಿಂತ ಚೆನ್ನ, ಅಲ್ಲಿಯವರಿಗೆ ಹೂವು ಇನ್ನೂ ಎರಡು ವಾರ ಹೆಚ್ಚು ಸಿಗುತ್ತದೆ. ಯಾದಗಿರಿಯವರು ಮಧ್ಯಾಹ್ನದ ನೆರಳು ಬೀಳುವ ಜಾಗ ಹುಡುಕಿಕೊಳ್ಳಲಿ.

ದಸರೆ ಮುಗಿಯುತ್ತಿದ್ದಂತೆ ಬೀಜ ಹಾಕಿ. ಬೀಜ ಎಷ್ಟು ಸಣ್ಣದೆಂದರೆ ರಾಗಿ ಅದರ ಮುಂದೆ ಕಡಲೆಯಂತೆ ಕಾಣುತ್ತದೆ. ಸಾವಿರ ಬೀಜ ತೂಗಿದರೆ ಒಂದು ಗ್ರಾಮಿನ ಹತ್ತನೇ ಒಂದು ಪಾಲಿನ ಆಸುಪಾಸು. ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ ತಟ್ಟೆಯ ಮಣ್ಣಿನ ಮೇಲೆ ಉದುರಿಸಿ, ಮೇಲೆ ಮಣ್ಣು ಮುಚ್ಚಬೇಡಿ. ಮೊಳಕೆಗೆ ಬೆಳಕು ಬೇಕು. ಅಂಗೈಯಿಂದ ಹಗುರಾಗಿ ಒತ್ತಿ, ಚೊಂಬಿನಿಂದ ನೀರು ಸುರಿಯದೆ ಸ್ಪ್ರೇ ಬಾಟಲಿಯಿಂದ ದಿನಕ್ಕೆ ಎರಡು ಸಲ ತೇವ ಮಾಡಿ. ಒಂದು ವಾರದಲ್ಲಿ ಹಸಿರು ಧೂಳು ಚೆಲ್ಲಿದಂತೆ ಮೊಳಕೆ ಕಾಣುತ್ತದೆ.

ನಾಲ್ಕೈದು ವಾರಕ್ಕೆ ಕುಂಡಕ್ಕೆ ನಾಟಿ. ಬರೀ ಎರೆಮಣ್ಣಾದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ, ಆದ್ದರಿಂದ ಎರೆಮಣ್ಣು, ಮರಳು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಸಮಪಾಲು. ಗಿಡದಿಂದ ಗಿಡಕ್ಕೆ ಒಂದು ಗೇಣು. ಗೊಬ್ಬರ ಹೆಚ್ಚಾದರೆ ಎಲೆಯೇ ಎಲೆ, ಹೂವಿಲ್ಲ. ಸಸಿಹೇನು ಬಂದರೆ ನೀರಿನ ಚಿಮ್ಮುಗೆಯಿಂದ ತೊಳೆಯಿರಿ, ಕುಡಿಯುವ ಹೂವಿಗೆ ಔಷಧಿ ಹೊಡೆಯುವಂತಿಲ್ಲ.

ಸಂಕ್ರಾಂತಿಯ ಆಸುಪಾಸಿಗೆ ಹೂವು ಶುರು. ಬಿಳಿ ಎಸಳು ನೆಲಕ್ಕೆ ಸಮನಾಗಿ ಚಾಚಿ ನಿಂತಿರುವಾಗ, ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಕೊಯ್ಯಿರಿ. ಬೆರಳುಗಳನ್ನು ಬಾಚಣಿಗೆಯಂತೆ ಮಾಡಿ ತೊಟ್ಟಿನ ಕೆಳಗಿನಿಂದ ಮೇಲಕ್ಕೆ ಎಳೆದರೆ ತಲೆಗಳು ಅಂಗೈಗೆ ಬರುತ್ತವೆ, ಬೆರಳಿಗೆ ಹಳದಿ ಪುಡಿ ಮತ್ತು ಸೇಬಿನ ವಾಸನೆ ಸಂಜೆವರೆಗೆ ಉಳಿಯುತ್ತದೆ. ಹತ್ತು-ಹನ್ನೆರಡು ದಿನಕ್ಕೊಮ್ಮೆ ಹೊಸ ಹೂವು ತುಂಬುತ್ತದೆ. ಒಣಗಿಸುವುದು ನೆರಳಲ್ಲೇ, ಬಿಳಿ ಪಂಚೆಯ ಮೇಲೆ ಒಂದೇ ಪದರ ಹರಡಿ, ಗಾಳಿಯಾಡುವ ಕೋಣೆಯಲ್ಲಿ ನಾಲ್ಕೈದು ದಿನ. ಚಪ್ಪರದ ಮೇಲೆ ಸಂಡಿಗೆಯ ಪಕ್ಕ ಒಣಗಿಸಿದರೆ ಘಮವೆಲ್ಲ ಆಕಾಶಕ್ಕೆ ಹೋಗುತ್ತದೆ. ಹಸಿ ಹೂವು ಐದು ಪಾಲಿದ್ದರೆ ಒಣಗಿದ ಮೇಲೆ ಉಳಿಯುವುದು ಸುಮಾರು ಒಂದು ಪಾಲು, ಹಾಗಾಗಿ ಎಂಟು-ಹತ್ತು ಕುಂಡ ಹಾಕದೆ ವರ್ಷದ ಚಹಾ ಆಗುವುದಿಲ್ಲ.

ಫೆಬ್ರುವರಿ ಮುಗಿಯುವಾಗ ಬಿಸಿಲು ಚುರುಗುಟ್ಟಿ ಗಿಡ ಹಳದಿಗಟ್ಟುತ್ತದೆ, ನೀರು ಹಾಕಿ ಉಳಿಸುವ ಪ್ರಯತ್ನ ಬೇಡ. ಕೊನೆಯ ಇಪ್ಪತ್ತು-ಮೂವತ್ತು ಹೂವನ್ನು ಕೊಯ್ಯದೆ ಬಿಟ್ಟು, ಎಸಳು ಉದುರಿ ಗುಮ್ಮಟ ಕಂದಾದ ಮೇಲೆ ಕಾಗದದ ಲಕೋಟೆಯೊಳಗೆ ತಲೆಕೆಳಗಾಗಿ ತಟ್ಟಿ. ಬೂದಿಯಂಥ ಬೀಜ ತಳಕ್ಕೆ ಇಳಿಯುತ್ತದೆ. ಲಕೋಟೆಯ ಮೇಲೆ ವರ್ಷ ಬರೆದು, ಬಾಯಿ ಅಂಟಿಸಿ, ಜ್ವಾಳದ ಡಬ್ಬಿಯ ಪಕ್ಕ ಒಣ ಜಾಗದಲ್ಲಿಡಿ. ಮುಂದಿನ ದಸರೆಗೆ ತೆಗೆದರಾಯಿತು.